ಕಂಪನಿ ನಡೆಸೋರಿಗೆ ಕೌಟಿಲ್ಯ ಬೇಕಾ?

ರಾಜ್ಯ ಆಳುವ ಬಗೆ ಹೇಳುವ ಹಳೆಯ ಗ್ರಂಥ ಅರ್ಥಶಾಸ್ತ್ರ. ಅದನ್ನು ಬರೆದ ಕೌಟಿಲ್ಯನನ್ನೇ ಚಾಣಕ್ಯ ಅನ್ನುತ್ತಾರೆ. ಮ್ಯಾನೇಜರುಗಳ ತರಬೇತಿಯಲ್ಲಿ ಈಗ ಅವನ ಪಾಠ ಹೇಳುತ್ತಾರೆ. ಅದು ಬೇಕಾ, ಬೇಡವಾ? ಎರಡು ವಾದ ಇಲ್ಲಿವೆ.

ಪರ: ಮೊದಲು ಕಡಿವಾಣ ಬೀಳೋದು ಯಜಮಾನನಿಗೇ

ವಾಟ್ಸಾಪ್‌ನಲ್ಲಿ ಓಡಾಡುವ ಚಾಣಕ್ಯ ಬೇರೆ, ಅರ್ಥಶಾಸ್ತ್ರದ ಕೌಟಿಲ್ಯ ಬೇರೆ. ಮೊದಲನೆಯವನು ಶತ್ರುವನ್ನು ಮುಗಿಸುವ ಉಪಾಯ ಹೇಳುತ್ತಾನೆ. ಎರಡನೆಯವನ ಪುಸ್ತಕದ ಎರಡನೇ ಅಧಿಕರಣ, ಅಂದರೆ ಎರಡನೇ ಭಾಗ, ತೆರೆದು ನೋಡಿ. ಉಗ್ರಾಣ, ತೂಕದ ಬಟ್ಟು, ಸುಂಕದ ಕಟ್ಟೆ, ಲೆಕ್ಕದ ಪುಸ್ತಕ ಇವೇ ತುಂಬಿವೆ. ದೊಡ್ಡ ಸಂಸ್ಥೆಯನ್ನು ದಿನಾ ನಡೆಸುವವರ ತಲೆನೋವುಗಳು ಇವು, ಅಲ್ವಾ?

ಬೊಕ್ಕಸದ ಹಣ ನುಂಗಲು 40 ದಾರಿಗಳಿವೆ ಎಂದು ಕೌಟಿಲ್ಯ ಪಟ್ಟಿ ಮಾಡುತ್ತಾನೆ. ಮೊದಲೇ ಬಂದ ಹಣವನ್ನು ಆಮೇಲೆ ಬರೆಯುವುದು ಅದರಲ್ಲಿ ಒಂದು. ವಸೂಲಾಗದ್ದನ್ನು ವಸೂಲಾಗಿದೆ ಎಂದು ತೋರಿಸುವುದು ಇನ್ನೊಂದು. ಇಂದಿನ ಆಡಿಟರ್ ಮಾರ್ಚ್ ಕೊನೆಯ ವಾರದ ಬಿಲ್ಲುಗಳಲ್ಲಿ ಹುಡುಕುವುದು ಇದನ್ನೇ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತು ಎಂದು ಹೇಳಲಾಗದು, ಹಣದ ನಡುವೆ ಕೂತ ಅಧಿಕಾರಿಯ ಕಥೆಯೂ ಅಷ್ಟೇ ಅನ್ನುತ್ತಾನೆ ಅವನು. ಅದಕ್ಕೇ ಒಂದು ಇಲಾಖೆಗೆ ಹಲವು ಮುಖ್ಯಸ್ಥರಿರಲಿ, ಯಾರೂ ಒಂದೇ ಕುರ್ಚಿಯಲ್ಲಿ ಕಾಯಂ ಆಗದಿರಲಿ ಎಂಬ ನಿಯಮ.

ನನಗೆ ಹೆಚ್ಚು ಇಷ್ಟವಾದದ್ದು ನೂಲಿನ ಅಧ್ಯಕ್ಷನ, ಅಂದರೆ ಉಸ್ತುವಾರಿ ಅಧಿಕಾರಿಯ ಅಧ್ಯಾಯ. ನೂಲು ಕೊಡಲು ಮುಂಜಾನೆ ಹೆಂಗಸರು ಬರುತ್ತಾರೆ. ದೀಪ ಇರಬೇಕು, ಆದರೆ ನೂಲು ನೋಡುವುದಕ್ಕೆ ಮಾತ್ರ. ಅಧಿಕಾರಿ ಅವರ ಮುಖ ನೋಡಿದರೆ, ಕೆಲಸ ಬಿಟ್ಟು ಬೇರೆ ಮಾತು ತೆಗೆದರೆ ದಂಡ. ಕೂಲಿ ತಡ ಮಾಡಿದರೆ ಅದಕ್ಕಿಂತ ದೊಡ್ಡ ದಂಡ. ಕೆಲಸದ ಮೇಲಿದ್ದಾಗ ಸತ್ತವನ ಹೆಂಡತಿ ಮಕ್ಕಳಿಗೆ ಅನ್ನ, ಸಂಬಳ ಸಿಗಬೇಕೆಂದು ಇನ್ನೊಂದು ಕಡೆ ಬರೆದಿದ್ದಾನೆ. ಇವತ್ತಿಗೂ ಎಷ್ಟೋ ಗುತ್ತಿಗೆ ಕಾರ್ಮಿಕರಿಗೆ ಇಷ್ಟು ಸಿಗುತ್ತಿಲ್ಲ.

ಇನ್ನು ಅಧಿಕಾರದ ವಿಷಯ. ಕೌಟಿಲ್ಯನ ರಾಜ ಮನಸ್ಸಿಗೆ ಬಂದಂತೆ ಕುಣಿಯುವವನಲ್ಲ. ಕಾಮ, ಕ್ರೋಧ, ಲೋಭ, ಅಹಂಕಾರ ಗೆಲ್ಲದವನು ಉಳಿಯುವುದಿಲ್ಲ ಎಂದು ರಾವಣ, ದುರ್ಯೋಧನರ ಹೆಸರು ಹಿಡಿದು ಎಚ್ಚರಿಸುತ್ತಾನೆ. ಒಂದೇ ಚಕ್ರದಿಂದ ಬಂಡಿ ಓಡದು, ಮಂತ್ರಿಗಳನ್ನಿಟ್ಟುಕೊಂಡು ಅವರ ಮಾತು ಕೇಳು ಅನ್ನುತ್ತಾನೆ. ಒಬ್ಬನನ್ನೇ ಕೇಳಿದರೆ ಅವನು ಅಂಕೆ ಮೀರುತ್ತಾನೆ. ಇಬ್ಬರಾದರೆ ಸೇರಿಕೊಂಡು ರಾಜನನ್ನೇ ಮಣಿಸುತ್ತಾರೆ. ಹಾಗಾಗಿ ಮೂವರೋ ನಾಲ್ವರೋ ಇರಲಿ. ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದರ ಹಿಂದಿರುವುದೂ ಇದೇ ಆತಂಕ. ದಂಡ, ಅಂದರೆ ಶಿಕ್ಷೆ, ಕಟುವಾದರೆ ಜನ ಹೆದರಿ ದೂರವಾಗುತ್ತಾರೆ, ಮೆತ್ತಗಾದರೆ ಲೆಕ್ಕಕ್ಕೇ ಇಡುವುದಿಲ್ಲ, ತಕ್ಕಷ್ಟಿದ್ದರೆ ಗೌರವಿಸುತ್ತಾರೆ ಎಂದೂ ಕೌಟಿಲ್ಯ ಹೇಳುತ್ತಾನೆ. ಹೊಸದಾಗಿ ಮ್ಯಾನೇಜರ್ ಆದವರು ಈ ಮಾತನ್ನು ಓದಲೇಬೇಕು.

ವಿರೋಧ: ಆ ಸಿಂಹಾಸನ ನಿಮ್ಮದಲ್ಲ

ಅರ್ಥಶಾಸ್ತ್ರ ದೊಡ್ಡ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಓದಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಆ ಹೆಮ್ಮೆ ನನಗೂ ಇದೆ. ಆದರೆ ಆ ಪುಸ್ತಕದಲ್ಲಿ ವ್ಯಾಪಾರಿ ಎಲ್ಲಿ ನಿಂತಿದ್ದಾನೆ ನೋಡಿ. ನಾಲ್ಕನೇ ಅಧಿಕರಣದಲ್ಲಿ, ಕಳ್ಳರೆಂಬ ಹೆಸರಿಲ್ಲದ ಕಳ್ಳರ ಸಾಲಿನಲ್ಲಿ! ಊರಿನ ಸರಕಿಗೆ ನೂರಕ್ಕೆ 5, ಹೊರಗಿನ ಸರಕಿಗೆ 10, ಅಷ್ಟೇ ಲಾಭ. ವರ್ತಕರು ಒಟ್ಟುಗೂಡಿ ಸರಕು ತಡೆದು ಬೆಲೆ ಕೆಡಿಸಿದರೆ 1,000 ಪಣ (ಆ ಕಾಲದ ನಾಣ್ಯ) ದಂಡ. ಇಂದಿನ ಕಂಪನಿಯನ್ನು ಕಂಡಿದ್ದರೆ ಕೌಟಿಲ್ಯ ಅದನ್ನು ರಾಜ್ಯ ಅನ್ನುತ್ತಿರಲಿಲ್ಲ. ಅದರ ಮೇಲೆ ಒಬ್ಬ ಅಧ್ಯಕ್ಷನನ್ನು ಕಾವಲಿಗೆ ಹಾಕುತ್ತಿದ್ದ.

ತರಬೇತಿ ಕೊಡುವವರು ಇದನ್ನು ಬಿಟ್ಟು, ಸಿಇಒನನ್ನು ರಾಜನ ಜಾಗದಲ್ಲಿ ಕೂರಿಸುತ್ತಾರೆ. ಆಗ ನೌಕರ ಪ್ರಜೆಯಾಗುತ್ತಾನೆ, ಪಕ್ಕದ ಕಂಪನಿ ಶತ್ರುರಾಜ್ಯವಾಗುತ್ತದೆ. ರಾಜನಿಗೆ ದಂಡದ ಅಧಿಕಾರವಿತ್ತು. ಮ್ಯಾನೇಜರಿಗೆ ಇರುವುದು ನೇಮಕಾತಿ ಪತ್ರದಲ್ಲಿ ಬರೆದಷ್ಟು ಮಾತ್ರ. ನೌಕರ ನೋಟಿಸ್ ಕೊಟ್ಟು ಹೊರಟರೆ ಮುಗಿಯಿತು.

ಮಂತ್ರಿಗಳ ಪರೀಕ್ಷೆಯನ್ನೇ ತಗೊಳ್ಳಿ. ಸುಳ್ಳು ಪಿತೂರಿ ಹೂಡಿ, ಹಣದ ಆಸೆ ತೋರಿಸಿ ಒಬ್ಬೊಬ್ಬರನ್ನೇ ಪರೀಕ್ಷಿಸಬೇಕಂತೆ. ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ ಎಂದು ಸನ್ಯಾಸಿನಿಯಿಂದ ಹೇಳಿಸಬೇಕಂತೆ. ಇದು ಹಿಂದಿನ ಆಚಾರ್ಯರ ಮತ. ಹೀಗೆ ಮಾಡಿದರೆ ಕೆಡದವನೂ ಕೆಡಬಹುದು, ನೀರಿಗೆ ವಿಷ ಬೆರೆಸಿದ ಹಾಗೆ ಎಂದು ಕೌಟಿಲ್ಯನೇ ಅಂಜುತ್ತಾನೆ. ಆದರೂ ಪದ್ಧತಿಯನ್ನು ಬಿಡುವುದಿಲ್ಲ. ರಾಜನನ್ನೂ ರಾಣಿಯನ್ನೂ ಅದಕ್ಕೆ ಎಳೆಯಬೇಡಿ, ಹೊರಗಿನ ವಿಷಯ ಹಿಡಿದು ಪರೀಕ್ಷಿಸಿ ಅನ್ನುತ್ತಾನೆ. ಇಂಥ ಕಡೆ ಯಾರು ನೆಮ್ಮದಿಯಾಗಿ ಕೆಲಸ ಮಾಡುತ್ತಾರೆ?

ಸಂಬಳದ ಪಟ್ಟಿಯಲ್ಲಿ ಮೇಲಿನವರಿಗೆ 48,000 ಪಣ, ಕೆಳಗಿನವರಿಗೆ 60. ಎಂಟುನೂರು ಪಟ್ಟು ಅಂತರ. ಇದನ್ನು ಯಾರೂ ಆದರ್ಶ ಅನ್ನಬಾರದು.

ನನಗೆ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಆ 40 ದಾರಿಗಳೇ. ಅವೆಲ್ಲ ಕೆಳಗಿನವರು ರಾಜನಿಗೆ ಮಾಡುವ ಮೋಸಗಳು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದ ಪುಸ್ತಕದಲ್ಲಿ ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಅಲ್ಲಿ ಲೆಕ್ಕ ತಪ್ಪಿದ್ದು ಯಜಮಾನನ ಕುರ್ಚಿಯಿಂದಲೇ. ಅರಿಷಡ್ವರ್ಗ ಗೆಲ್ಲು ಎಂದು ರಾಜನಿಗೆ ಬುದ್ಧಿ ಹೇಳಿದರೆ ಸಾಕಾ? ರಾಜನ ಲೆಕ್ಕ ಕೇಳುವವರು ಯಾರು? ಕಂಪನಿಯ ಲೆಕ್ಕ ಕೇಳಲು ಷೇರುದಾರರು, ಆಡಿಟರ್, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ, ಕೋರ್ಟು ಇವೆ. ಅಧ್ಯಕ್ಷನನ್ನು ಎಬ್ಬಿಸಿ ಕಳಿಸುವ ದಾರಿ ಇರುವುದರಿಂದಲೇ ಅದು ಕಂಪನಿ.

ಹಳೆಯದರಿಂದಲೇ ಕಲಿಯಬೇಕು ಅನ್ನುವವರು ವರ್ತಕರದ್ದೇ ದಾಖಲೆಗಳನ್ನು ಏಕೆ ಓದುವುದಿಲ್ಲ? ಐಹೊಳೆಯ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಇತ್ತಲ್ಲ. ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಆ ಸಂಘದ ಹೆಸರಿದೆ. ಅವರು ತಮ್ಮ ನಡೆಗೆ ಬಣಂಜು ಧರ್ಮ, ಅಂದರೆ ವರ್ತಕರ ಧರ್ಮ, ಎಂದು ಹೆಸರಿಟ್ಟುಕೊಂಡಿದ್ದರು. ಸಭೆ ಸೇರಿ ತಮ್ಮ ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಸ್ಥಾನಕ್ಕೆ ಬಿಟ್ಟಿದ್ದನ್ನು ಶಾಸನಗಳು ಹೇಳುತ್ತವೆ. ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಒಂದು ಪಾಠ ಇವರದ್ದೂ ಇರಲಿ.