ಎರಡು ಪ್ಲಸ್ ಎರಡು ನಾಲ್ಕು ಬಂದರೆ ಸಾಕಾ?

ಕ್ಯಾಲ್ಕುಲೇಟರ್ ಸರಿ ಇದೆಯಾ ಅಂತ ನೋಡೋಕೆ ಎಲ್ಲರೂ ಒತ್ತುವುದು 2+2. ನಾಲ್ಕು ಬಂತಾ, ಮುಗೀತು. ತುಮಕೂರಿನ ಪಕ್ಕದ ಹಳ್ಳಿಯಲ್ಲಿ ತೆಂಗಿನಕಾಯಿ ಮಾರುವ ನಮ್ಮ ಚಿಕ್ಕಪ್ಪನೂ ಹಾಗೇ. ಅವರ ಮೆಷಿನ್ ಆ ಪರೀಕ್ಷೆಯಲ್ಲಿ ಯಾವತ್ತೂ ಫೇಲ್ ಆಗಿರಲಿಲ್ಲ.

ಮೊನ್ನೆ ಕಾಯಿ ಕೊಳ್ಳೋಕೆ ಬಂದವನಿಗೆ 28 ಕೆಜಿ ತೂಗಿ, 67ರಿಂದ ಗುಣಿಸಿ, "ಸಾವಿರದ ಎಪ್ಪತ್ತಾರು ಕೊಡಪ್ಪ" ಅಂದರು. ಅವನು ಒಂದು ತಕರಾರೂ ಇಲ್ಲದೆ, ಯಾವತ್ತೂ ಇಲ್ಲದ ವಿನಯದಿಂದ ನೋಟು ಎಣಿಸೋಕೆ ಶುರು ಮಾಡಿದ. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮ ತಲೆ ಕೂಡ ಎತ್ತದೆ, "ರೀ, ಮೂವತ್ತು ಕೆಜಿಗೆ ಎರಡು ಸಾವಿರದ ಹತ್ತು, ಅದರಲ್ಲಿ ನೂರಾ ಮೂವತ್ತನಾಲ್ಕು ಕಳೀರಿ" ಅಂದರು. 1876.

ತಮಾಷೆ ಏನಂದ್ರೆ, ಮೆಷಿನ್ ಒಳಗೆ ಲೆಕ್ಕ ಸರಿಯಾಗೇ ಇತ್ತು. ಒಂದೊಂದು ಅಂಕಿಗೂ ಏಳು ಗೆರೆ ಇರುತ್ತವಲ್ಲ, ನೂರರ ಸ್ಥಾನದಲ್ಲಿ ನಡುವಿನ ಅಡ್ಡಗೆರೆ ಸತ್ತಿತ್ತು. ಅಲ್ಲಿ 8 ಬಂದರೆ 0 ಕಾಣುತ್ತೆ. 3 ಬಂದರೆ ಮುರುಕಲಾಗಿ ಕಾಣುತ್ತೆ, ಅದನ್ನು ಚಿಕ್ಕಪ್ಪ ಕನ್ನಡಕದ ತಪ್ಪು ಅಂದುಕೊಂಡಿದ್ದರಂತೆ. 2+2 ಒತ್ತಿದರೆ ಆ ಸ್ಥಾನದ ತನಕ ಯಾರೂ ಹೋಗೋದೇ ಇಲ್ಲ.

ಹೊಸದು ಕೊಳ್ಳೋಕೆ ಮಂಡಿಪೇಟೆಗೆ ಹೋದಾಗ ಪರೀಕ್ಷಾಧಿಕಾರಿ ನಾನು. ಮೊದಲು ಪರದೆ ತುಂಬ 8 ಒತ್ತಿದೆ, ಎಲ್ಲ ಗೆರೆಯೂ ಮೂಡಬೇಕು. ಆಮೇಲೆ 8 ಒಂದನ್ನು ಬಿಟ್ಟು 12345679, ಇಂಟು 9. ಒಂಬತ್ತು 1ಗಳು ಸಾಲಾಗಿ ನಿಂತವು. (ಎಂಟು ಅಂಕಿಯ ಮೆಷಿನ್‌ನಲ್ಲಿ ಜಾಗ ಸಾಲಲ್ಲ, ಹತ್ತು ಇಲ್ಲವೇ 12 ಅಂಕಿಯದು ಬೇಕು.) ಅಂಗಡಿಯವರು ಗಡಿಯಾರ ನೋಡಿದರು. 1ನ್ನು 3ರಿಂದ ಭಾಗಿಸಿ ಮತ್ತೆ 3ರಿಂದ ಗುಣಿಸಿದರೆ 0.99999 ಅಂತ ಪರದೆ ತುಂಬ 9. "ಇದೂ ಕೆಟ್ಟಿದೆ ಕಣೋ, ರೂಪಾಯಿ ಪೂರ್ತಿ ವಾಪಸ್ ಬರಲಿಲ್ಲ" ಅಂದರು ಚಿಕ್ಕಪ್ಪ. ಕೆಟ್ಟಿಲ್ಲ. ಮುಗಿಯದೇ ಇರುವ 3ಗಳನ್ನು ಅದು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಜಗಳ ಹತ್ತಿದ್ದು % ಗುಂಡಿಯಲ್ಲಿ. 100+18% ಒತ್ತಿದರೆ 118 ಬರಬೇಕಲ್ವಾ? 121.95 ಬಂತು. "ಜಿಎಸ್‌ಟಿ ಮತ್ತೆ ಏರಿತಾ?" ಅಂತ ಪಕ್ಕದ ಗಿರಾಕಿಯೂ ಬಗ್ಗಿ ನೋಡಿದರು. ಕೆಲವು ಮೆಷಿನ್‌ಗಳು ಹೀಗೇ. 100ಕ್ಕೆ 18 ಸೇರಿಸಲ್ಲ. ಮಾರುವ ಬೆಲೆಯಲ್ಲಿ ನೂರಕ್ಕೆ 18 ಲಾಭ ಉಳಿಯಬೇಕಾದರೆ ಎಷ್ಟಕ್ಕೆ ಮಾರಬೇಕು ಅಂತ, 100ನ್ನು 0.82ರಿಂದ ಭಾಗಿಸಿ ತೋರಿಸುತ್ತವೆ. ತೆರಿಗೆ ಸೇರಿಸೋಕೆ ಸುಮ್ನೆ 1.18ರಿಂದ ಗುಣಿಸಿದರಾಯ್ತು. ಇಷ್ಟೆಲ್ಲ ವಿವರಿಸಿ, ಬೇರೆ ಮಾಡೆಲ್ ತೋರಿಸಿ ಅನ್ನುವಷ್ಟರಲ್ಲಿ ಚಿಕ್ಕಪ್ಪ ಅದನ್ನೇ ಕೈಚೀಲಕ್ಕೆ ಇಳಿಸಿಬಿಟ್ಟಿದ್ದರು.

"ಇರ್ಲಿ ಬಿಡೋ, ನಾವು ಮಾರೋರಲ್ವಾ?"