ಹಾಡು ತೆಗೆದ ಮೇಲೆ ಅವಳು ಯಾವುದನ್ನು ಹಾಡಬೇಕು?

ನಿನ್ನೆ ಶೇಕ್ಸ್‌ಪಿಯರ್‌ನ ‘ಒಥೆಲೋ’ ನಾಟಕ ನೋಡಿಕೊಂಡು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಾಟಕ ಅಂದ್ರೆ ನಾನು ಹೇಗೆ ಅಂತ ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

ಕೊನೆಯ ದೃಶ್ಯ. ಹೆಂಡತಿಗೆ ಬೇರೆ ಸಂಬಂಧವಿದೆ ಎಂಬ ಇಯಾಗೋನ ಸುಳ್ಳು ನಂಬಿ, ಒಥೆಲೋ ಡೆಸ್ಡೆಮೋನಾಳನ್ನು ಉಸಿರುಗಟ್ಟಿಸಿ ಕೊಂದಾಗಿದೆ. ಸತ್ಯ ಬಾಯಿಬಿಟ್ಟ ಡೆಸ್ಡೆಮೋನಾಳ ಸಖಿ ಎಮಿಲಿಯಾಳನ್ನು ಅವಳ ಗಂಡ ಇಯಾಗೋ ಇರಿದಿದ್ದಾನೆ. ಅವಳು ಒಡತಿಯ ಪಕ್ಕ ಬಿದ್ದುಕೊಂಡು ‘ವಿಲೋ, ವಿಲೋ’ (ಅದೊಂದು ಮರದ ಹೆಸರು) ಅಂತ ಹಾಡಿದಳು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಪ, ಅವರದ್ದೇನು ತಪ್ಪು? ಆ ಹಾಡು ಇರುವ ದೃಶ್ಯವನ್ನೇ ಹಾರಿಸಿಬಿಟ್ಟಿದ್ದರು!

ನಾಲ್ಕನೇ ಅಂಕದ ಕೊನೆ ಅದು. ರಾತ್ರಿ. ಹಾಸಿಗೆ ಮೇಲೆ ಮದುವೆಯ ಹಾಸು. ಎಮಿಲಿಯಾ ಒಡತಿಯ ಉಡುಪಿನ ಪಿನ್ನು ಬಿಚ್ಚುತ್ತಿದ್ದಾಳೆ. ಡೆಸ್ಡೆಮೋನಾಗೆ ಅಮ್ಮನ ಮನೆಯ ಕೆಲಸದವಳೊಬ್ಬಳ ನೆನಪು. ಪ್ರೀತಿಸಿದವನು ಕೈಬಿಟ್ಟ ಮೇಲೆ ಆಕೆ ಈ ಹಾಡು ಹಾಡುತ್ತಲೇ ಸತ್ತಳಂತೆ. ಹಾಡುವಾಗ ಡೆಸ್ಡೆಮೋನಾಗೆ ಸಾಲು ತಪ್ಪುತ್ತದೆ. ಯಾರೋ ಬಾಗಿಲು ತಟ್ಟಿದ ಹಾಗಾಗುತ್ತದೆ. ಗಾಳಿ ಅಷ್ಟೇ ಅಂತಾಳೆ ಎಮಿಲಿಯಾ. ಆಮೇಲೆ ಗಂಡಂದಿರಿಗೆ ಚೆನ್ನಾಗಿ ಜಾಡಿಸುತ್ತಾಳೆ: ಹೆಂಡತಿಯರಿಗೂ ಕಣ್ಣು, ಮೂಗು ಇದೆ, ಸಿಹಿ ಹುಳಿ ತಿಳಿಯುವ ನಾಲಿಗೆ ಇದೆ ಅಂತ.

ಇಷ್ಟನ್ನೂ ತೆಗೆದರೆ ಎಮಿಲಿಯಾ ಬರೀ ಡೆಸ್ಡೆಮೋನಾಳ ಕರವಸ್ತ್ರ ಎತ್ತಿ, ಅದನ್ನೇ ಸುಳ್ಳು ಸಾಕ್ಷಿ ಮಾಡಿಕೊಂಡ ಗಂಡನಿಗೆ ಕೊಟ್ಟವಳು. ‘ಗಂಡನ ಮಾತು ಕೇಳಬೇಕಾದ್ದು ಸರಿ, ಆದರೆ ಈಗಲ್ಲ’ ಎಂದು ಅವಳು ಕೊನೆಗೆ ತಿರುಗಿ ನಿಲ್ಲುವುದು ಆಕಾಶದಿಂದ ಬಿದ್ದ ಹಾಗಿರುತ್ತದೆ.

ನಾಟಕ ಮುಗಿದ ಮೇಲೆ ನಿರ್ದೇಶಕರನ್ನು ಕೇಳಿಯೇ ಬಿಟ್ಟೆ. ಟೈಮ್ ಸಾಲಲ್ಲ ಮೇಡಂ, ಜನಕ್ಕೆ ಕೊನೆ ಬಸ್ ಹಿಡಿಯಬೇಕು ಅಂದರು. ಹೌದಾ? ಒಥೆಲೋನ ಸೇನೆಯ ಅಧಿಕಾರಿ ಕ್ಯಾಸಿಯೋ ಕುಡಿದು ತೂರಾಡುವ ದೃಶ್ಯ ಡೋಲು, ಕುಣಿತ ಎಲ್ಲಾ ಸೇರಿ ಮುಗಿಯಲೇ ಇಲ್ಲವಲ್ಲ, ಆಗ ಬಸ್ ಕಾಯುತ್ತಿತ್ತಾ? ಜೊತೆಗೆ, 1622ರ ಮೊದಲ ಮುದ್ರಣದಲ್ಲೂ ಈ ಹಾಡಿಲ್ಲ ಅಂತ ಪಾಠ ಬೇರೆ. ನಿಜ. 1623ರ ಫೋಲಿಯೋದಲ್ಲಿ, ಅಂದ್ರೆ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹದಲ್ಲಿ, ಇದೆ. ಆದರೆ 1622ರ ಪ್ರತಿಯಲ್ಲಿ ಎಮಿಲಿಯಾ ಸಾಯುವಾಗ ಹಾಡುವ ಸಾಲುಗಳೂ ಇಲ್ಲ ಸ್ವಾಮಿ! ಅಲ್ಲಿ ಕತ್ತರಿ ಹಾಕಿದವನಿದ್ದರೆ, ಎರಡೂ ಕಡೆ ಹಾಕಿದ್ದ. ನಾನೂರು ವರ್ಷದ ಹಿಂದಿನವನಿಗಿದ್ದ ಎಚ್ಚರ ನಮಗೆ ಬೇಡ್ವಾ?

ಹೊರಗೆ ಟೀ ಕುಡಿಯುವಾಗ ಒಬ್ಬರು, ‘ಪಾಪ ಒಥೆಲೋ, ಪ್ರೀತಿ ಜಾಸ್ತಿಯಾಗಿ ಹೀಗಾಯ್ತು’ ಅಂದರು. ಮೈ ಉರಿಯಿತು. ಅದು ಸಾಯುವ ಮುಂಚೆ ಅವನಿಗೆ ಅವನೇ ಕೊಟ್ಟುಕೊಂಡ ಸರ್ಟಿಫಿಕೇಟ್! ಹೆಂಗಸರಿಬ್ಬರೇ ಕೂತು ಮಾತಾಡುವ ದೃಶ್ಯವನ್ನು ತೆಗೆದುಹಾಕಿದರೆ, ಪ್ರೇಕ್ಷಕ ಇನ್ಯಾರ ಮಾತು ನಂಬಬೇಕು? ನನ್ನ ಫೋನನ್ನೂ ಒಬ್ಬರು ದಿನಾ ತೆಗೆದು ನೋಡುತ್ತಿದ್ದರು. ಅದಕ್ಕೂ ಪ್ರೀತಿ ಅಂತಲೇ ಹೆಸರಿತ್ತು. ಇರಲಿ, ಅದು ಬೇರೆ ಪೋಸ್ಟ್.

ಡೆಸ್ಡೆಮೋನಾ ಆದ ಹುಡುಗಿ ತುಂಬಾ ಚೆನ್ನಾಗಿ ಮಾಡಿದಳು. ಅದಕ್ಕೇ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತಿದೆ. ಮುಂದಿನ ತಿಂಗಳು ಮತ್ತೆ ಶೋ ಇದೆಯಂತೆ. ಹೋಗ್ತೀನಿ. ಆ ಕುಡುಕರ ಕುಣಿತದಲ್ಲಿ ಐದು ನಿಮಿಷ ಉಳಿಸಿ, ಈ ಇಬ್ಬರಿಗೆ ಕೊಡಿ.