ಎಸ್‌ಟಿಪಿಗೆ ಪುಡಿ ಸುರಿಯುವ ಮೊದಲು ಗಾಳಿ ನೋಡಿ

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ನಾತ ಹೊಡೆಯತೊಡಗಿದರೆ ಸಾಕು, ‘ಕಲ್ಚರ್ ಹಾಕಿಸಿ’ ಎನ್ನುತ್ತಾರೆ. ಡಬ್ಬಿಗಟ್ಟಲೆ ಬ್ಯಾಕ್ಟೀರಿಯಾ ಪುಡಿ ಬಂದು ಬೀಳುತ್ತದೆ. ಮನೆಗಳ ಕೊಳಚೆಗೆ ಇದು ಬೇಕಿಲ್ಲ, ಬೇಕಾದ ಜೀವಿಗಳೆಲ್ಲ ಆ ನೀರಿನಲ್ಲೇ ಬರುತ್ತವೆ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಹೊರಗಿನಿಂದ ಏನನ್ನೂ ಹಾಕಲಿಲ್ಲ. ಕೊಳಚೆಗೆ ಗಾಳಿ ಊದಿದರು, ತಳಕ್ಕಿಳಿದ, ಆ ಜೀವಿಗಳೇ ತುಂಬಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಅದರ ಮೇಲೆಯೇ ಹೊಸ ಕೊಳಚೆ ತುಂಬಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಹೊಸ ಟ್ಯಾಂಕನ್ನು ಬೇಗ ಹದಕ್ಕೆ ತರಬೇಕೆಂದಿದ್ದರೆ, ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಟಿಪಿಯ ಕೆಸರನ್ನು ಟ್ಯಾಂಕಿನ ಹತ್ತನೇ ಒಂದು ಭಾಗದಷ್ಟು ತಂದು ಹಾಕಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಮೊದಲು ನೋಡಬೇಕಾದದ್ದು ಗಾಳಿ. ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕು. ಕರೆಂಟ್ ಉಳಿಸಲು ರಾತ್ರಿಯಿಡೀ ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಕೆಸರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ನೀರಿನ ಮೇಲ್ಮೈಯಲ್ಲಿ ಒಂದು ಕಡೆ ಮಾತ್ರ ದೊಡ್ಡ ಗುಳ್ಳೆ ಕುದಿಯುತ್ತಿದ್ದರೆ ಅಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಯಾಗಿಸುವ ಡಿಫ್ಯೂಸರಿನ ಪೊರೆ ಹರಿದಿರಬಹುದು. ಉಳಿದ ಕಡೆಗೆ ಹೋಗಬೇಕಾದ ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಇನ್ನು ಜಾರ್ ಪರೀಕ್ಷೆ. ದಿನವೂ ಮಾಡಲೇಬೇಕಾದ ಪರೀಕ್ಷೆ ಇದೊಂದೇ ಎಂದರೂ ಸರಿ. ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರಿನ ಅಳತೆ ಜಾರಿಗೆ ತುಂಬಿ, ಅಲುಗಾಡಿಸದೆ 30 ನಿಮಿಷ ಬಿಡಿ. ಕೆಸರು 300 ಮಿಲಿಲೀಟರಿಗೆ ಇಳಿದಿದೆ, ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿ ತೇಲುವ ಕೆಸರಿನ ಒಣ ತೂಕ) ಲೀಟರಿಗೆ 3,000 ಮಿಲಿಗ್ರಾಂ ಇದೆ ಎನ್ನಿ. 300ನ್ನು 1,000ದಿಂದ ಗುಣಿಸಿ 3,000ದಿಂದ ಭಾಗಿಸಿದರೆ 100 ಬರುತ್ತದೆ, ಇದೇ ಎಸ್‌ವಿಐ, ಒಂದು ಗ್ರಾಂ ಕೆಸರು ಎಷ್ಟು ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂಬ ಲೆಕ್ಕ. ಒಳ್ಳೆಯ ಕೆಸರು. 150 ದಾಟಿತೆಂದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಿ ಕೆಸರು ಹತ್ತಿಯಂತೆ ಅರಳಿಕೊಂಡು ಇಳಿಯಲು ಒಲ್ಲೆ ಎನ್ನುತ್ತಿರಬಹುದು. ಗಾಳಿಯ ಕೊರತೆ ಇದಕ್ಕೊಂದು ಸಾಮಾನ್ಯ ಕಾರಣ.

ಜಾರನ್ನು ತಕ್ಷಣ ತೊಳೆದಿಡಬೇಡಿ, ಇನ್ನೂ ಎರಡು ಗಂಟೆ ಹಾಗೇ ಇರಲಿ. ಚೆನ್ನಾಗಿ ಇಳಿದಿದ್ದ ಕೆಸರು ಹೆಪ್ಪುಗಟ್ಟಿದಂತೆ ಒಟ್ಟಾಗಿ ಮೇಲೇಳುತ್ತದೆಯೇ? ಕಡ್ಡಿಯಿಂದ ಕಲಕಿದರೆ ಸಣ್ಣ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆಯೇ? ಅದು ನೈಟ್ರೇಟಿನಿಂದ ಹೊರಟ ಸಾರಜನಕ. ಕೆಸರು ತಳಕ್ಕಿಳಿಯುವ ಸೆಟ್ಲಿಂಗ್ ಟ್ಯಾಂಕಿನಲ್ಲಿ ಅದು ಬಹಳ ಹೊತ್ತು ಕೂತಿರುತ್ತದೆ ಎಂದರ್ಥ, ಅದನ್ನು ಏರೇಷನ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪಿನ ವೇಗ ಹೆಚ್ಚಿಸಿ. ಕೆಸರು ಇಳಿಯದಿರುವುದು, ಇಳಿದು ಮೇಲೇಳುವುದು, ಎರಡೂ ತೊಂದರೆಯಲ್ಲಿ ಹೊರಹೋಗುವ ನೀರಿನಲ್ಲಿ ಕೆಸರೇ ಕಾಣುತ್ತದೆ, ಆದರೆ ಮದ್ದು ಬೇರೆ ಬೇರೆ. ಪುಡಿ ಎರಡಕ್ಕೂ ಮದ್ದಲ್ಲ.

ಮೈಕ್ರೋಸ್ಕೋಪ್ ಇದ್ದರೆ ಒಂದು ಹನಿ ನೋಡಿ. ಕೆಸರಿನ ಗಂಟಿಗೆ ಕಾಲೂರಿ ನಿಂತ ಗಂಟೆಯಾಕಾರದ ಏಕಕೋಶ ಜೀವಿ ವೋರ್ಟಿಸೆಲ್ಲಾ, ತುಸು ಅಲುಗಿದರೂ ಕಾಂಡವನ್ನು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಒಳಸರಿಯುತ್ತದೆ. ಅಂಥವು ಗುಂಪುಗುಂಪಾಗಿದ್ದರೆ ನೀರು ತಿಳಿಯಾಗಿ ಹೋಗುತ್ತಿದೆ ಎಂದೇ ಲೆಕ್ಕ, ಏಕೆಂದರೆ ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ತಿಂದು ತೆಗೆಯುವವು ಇವೇ.

ಕೊನೆಯದು, ಎಲ್ಲರೂ ಮುಂದೂಡುವ ಕೆಲಸ: ಹೆಚ್ಚಾದ ಕೆಸರು ತೆಗೆಯುವುದು. ಒಂದು ಲಕ್ಷ ಲೀಟರಿನ ಏರೇಷನ್ ಟ್ಯಾಂಕಿನಲ್ಲಿ ಕೆಸರಿನ ವಯಸ್ಸು (ಕೆಸರು ಸರಾಸರಿ ಎಷ್ಟು ದಿನ ಒಳಗೆ ಉಳಿಯುತ್ತದೆ ಎಂಬುದು) 20 ದಿನ ಇರಬೇಕೆಂದರೆ, ಆ ಟ್ಯಾಂಕಿನಿಂದಲೇ ದಿನಕ್ಕೆ 5,000 ಲೀಟರ್ ತೆಗೆಯಬೇಕು. ರಿಟರ್ನ್ ಲೈನಿನ ಕೆಸರು ಗಟ್ಟಿ, ಅಲ್ಲಿಂದಾದರೆ ಕಡಿಮೆ ಸಾಕು. ತಿಂಗಳಿಗೊಮ್ಮೆ ಒಟ್ಟಿಗೆ ಖಾಲಿ ಮಾಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ, ಒಮ್ಮೆ ಕೊಚ್ಚಿಹೋದರೆ ಮತ್ತೆ ತುಂಬಿಕೊಳ್ಳಲು ವಾರಗಳೇ ಬೇಕು.